ಹೂಂಗುಟ್ಟುವ ವರದಿಗಾರ್ತಿ

ಮೊನ್ನೆ ಮಂಚೇನಹಳ್ಳಿಯಿಂದ ನಮ್ಮಕ್ಕ ಫೋನ್ ಮಾಡಿದ್ದಳು. ಅವಳ ಫೋನು ಎಂದರೆ ಒಲೆಯ ಮೇಲಿಟ್ಟ ಸಾರು ಕುದ್ದು, ಆರಿ, ಮತ್ತೆ ಬಿಸಿ ಮಾಡುವ ಹೊತ್ತಿಗೆ ಮುಗಿಯುವಂಥದು. ಎದುರು ಮನೆಯವರು ಹೊಸದಾಗಿ ಹಾಕಿಸಿದ ಗೇಟು ತೆಗೆದಾಗಲೆಲ್ಲ ಕಿರ್ರೆನ್ನುತ್ತದೆ, ಅವರು ಬೇಕೆಂದೇ ಎಣ್ಣೆ ಬಿಡುತ್ತಿಲ್ಲ ಎಂಬುದು ಅಂದಿನ ವಿಷಯ. ನಾನು ಬೀನ್ಸಿನ ನಾರು ತೆಗೆಯುತ್ತಾ ಕೇಳುತ್ತಿದ್ದೆ. ಮರುಗಬೇಕಾದಲ್ಲಿ ಹುಬ್ಬು ಗಂಟಿಕ್ಕಿದೆ, ಒಪ್ಪಬೇಕಾದಲ್ಲಿ ತಲೆಯಾಡಿಸಿದೆ. ಐದು ನಿಮಿಷವಾಗಿರಬೇಕು, ಇದ್ದಕ್ಕಿದ್ದಂತೆ ಅತ್ತಲಿಂದ ಕೂಗು ಬಂತು.

"ಹಲೋ? ಹಲೋ? ವತ್ಸಲಾ! ಇದ್ದೀಯೇನೇ? ಲೈನ್ ಕಟ್ಟಾಯ್ತಾ?"

"ಇದ್ದೀನಿ ಕಣೇ ಅಕ್ಕ. ಕೇಳ್ತಾನೇ ಇದ್ದೀನಿ."

"ಇದ್ರೆ ಹೂಂ ಅನ್ನೋಕೇನೇ ನಿಂಗೆ ರೋಗ? ಇಷ್ಟೊತ್ತೂ ನಾನು ಯಾರ ಹತ್ರ ಬಡ್ಕೊಂಡೆ?"

ನಾನು ತಲೆಯಾಡಿಸಿದ್ದು ಫೋನಿನಲ್ಲಿ ಅವಳಿಗೆ ಕಾಣುವುದಾದರೂ ಹೇಗೆ! ನಗು ಬಂತು. ಇದು ನಾನು ಕಾಲೇಜಿಗೆ ಹೋಗಿ ಹಚ್ಚಿಕೊಂಡು ಬಂದ ಚಟ. ನಲವತ್ತನಾಲ್ಕನೇ ವಯಸ್ಸಿನಲ್ಲಿ ಚಿಕ್ಕಬಳ್ಳಾಪುರದ ಕಾಲೇಜೊಂದಕ್ಕೆ ಸೇರಿ ಮಲ್ಟಿಮೀಡಿಯಾ ಮತ್ತು ಪ್ರಸಾರ ಪತ್ರಿಕೋದ್ಯಮದಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡಿದೆನೆಂದರೆ ಈಗಲೂ ಕೆಲವರು ನನ್ನ ಮಗಳ ಬಗ್ಗೆ ಹೇಳುತ್ತಿದ್ದೇನೆಂದು ತಿಳಿಯುತ್ತಾರೆ. ಹೂಂ ಎನ್ನದೆ ಕೇಳುವುದನ್ನು ನನಗೆ ಕಲಿಸಲು ನಮ್ಮ ಮೇಷ್ಟ್ರು ಪಟ್ಟ ಪಾಡು ಅಷ್ಟಿಷ್ಟಲ್ಲ. ತಪ್ಪು ಅವರದ್ದಲ್ಲ. ನನ್ನ ಹೂಂ ಅವರಿಗಿಂತ ಹಳೆಯದು.

ಅದರ ಮೂಲ ಚಿಂತಾಮಣಿಯ ನಮ್ಮಜ್ಜಿಯ ಮನೆಯ ಪಡಸಾಲೆ. ಅವರೆಕಾಯಿ ಕಾಲದಲ್ಲಿ ನೆನೆಹಾಕಿದ ಕಾಳಿನ ದೊಡ್ಡ ಪಾತ್ರೆಯ ಸುತ್ತ ನಾವೆಲ್ಲ ಹಿತುಕಲು ಕೂರುತ್ತಿದ್ದೆವು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಒಮ್ಮೊಮ್ಮೆ ಅಜ್ಜಿಯ ಮಡಿಲಿಗೇ ಬೀಳುವುದು. ಕೈ ಕೆಲಸಕ್ಕೆ ಕೂಲಿ ಕಥೆ. ಅಜ್ಜಿಯ ಕಥೆ ಅರ್ಧ ಕನ್ನಡ, ಅರ್ಧ ತೆಲುಗು. ರಾಜರೆಲ್ಲ ಕನ್ನಡದಲ್ಲಿ ಮಾತಾಡಿದರೆ ರಾಕ್ಷಸರು ತೆಲುಗಿನಲ್ಲಿ ಅಬ್ಬರಿಸುತ್ತಿದ್ದರು. ಅವಳದ್ದು ಒಂದೇ ಕಟ್ಟಳೆ. ವಾಕ್ಯಕ್ಕೊಂದು ಹೂಂ ಬೀಳಬೇಕು. ಬೀಳದಿದ್ದರೆ "ಊ ಕೊಟ್ಟವೇ", ಹೂಂಗುಟ್ಟೇ ಎಂದು ತೆಲುಗಿನಲ್ಲಿ ಗದರಿಸಿ ಬಾಯಿ ಮುಚ್ಚಿಬಿಡುವಳು. ಒಮ್ಮೆ ನಾನೂ ಅಕ್ಕನೂ ಜಗಳವಾಡಿಕೊಂಡು ಇಬ್ಬರೂ ಹೂಂ ಎನ್ನಲಿಲ್ಲ. ಬಾವಿಯೊಳಗೆ ಹಗ್ಗ ಹಿಡಿದು ಇಳಿಯುತ್ತಿದ್ದ ರಾಜಕುಮಾರ ಮೂರು ದಿನ ಅಲ್ಲೇ ನೇತಾಡಿದ. ನಾಲ್ಕನೇ ದಿನ ನನಗೇ ಅವನ ಕೈ ನೋವು ತಡೆಯಲಾಗದೆ, ಕಾಳು ಹಿತುಕುವ ಕೆಲಸವಿಲ್ಲದಿದ್ದರೂ ಅಜ್ಜಿಯ ಹತ್ತಿರ ಹೋಗಿ ಸುಮ್ಮನೆ "ಹೂಂ" ಎಂದೆ. ಕಥೆ ಬಿಟ್ಟಲ್ಲಿಂದ ಮುಂದುವರಿಯಿತು.

ಮನೆಯಲ್ಲಿ ಹೀಗಾದರೆ ಕಾನ್ವೆಂಟಿನಲ್ಲಿ ಹೂಂ ಎನ್ನುವುದೇ ಅಪರಾಧ. ಅಲ್ಲಿ ಎಲ್ಲದಕ್ಕೂ "ಎಸ್ ಸಿಸ್ಟರ್". ಸ್ವರ ಏರಿಸುವಂತಿಲ್ಲ, ಇನ್ನೊಬ್ಬರ ಮಾತಿಗೆ ಅಡ್ಡ ಬರುವಂತಿಲ್ಲ, ಬಾಯಿ ತೆರೆಯುವ ಮುಂಚೆ ಸಾಕ್ಸ್ ಸರಿಯಾಗಿದೆಯೇ ನೋಡಿಕೊಳ್ಳಬೇಕು. ಹತ್ತು ವರ್ಷ ಹೀಗೆ ಪಳಗಿದ ನನ್ನ ದನಿ ಎಷ್ಟು ಮೆತ್ತಗಾಯಿತೆಂದರೆ ಇವತ್ತಿಗೂ ಸೊಪ್ಪಿನವನು ಎರಡು ಸಲ "ಏನಮ್ಮ?" ಎನ್ನದೆ ಕಟ್ಟು ಕೊಡುವುದಿಲ್ಲ. ಒಟ್ಟಿನಲ್ಲಿ ಅಜ್ಜಿ ಮತ್ತು ಸಿಸ್ಟರು ಸೇರಿ ನನ್ನಲ್ಲಿ ಮಾಡಿಟ್ಟಿದ್ದು ಒಂದು ಮೆಲುದನಿಯ, ಆದರೆ ಎಂದೂ ನಿಲ್ಲದ ಹೂಂ.

ಕಾಲೇಜು ಸೇರಿದ್ದೂ ಆಕಸ್ಮಿಕವೇ. ಮಗಳ ಅಂಕಪಟ್ಟಿ ತರಲು ಹೋಗಿದ್ದೆ. ಗುಮಾಸ್ತರು ಊಟಕ್ಕೆ ಹೋಗಿದ್ದರು. ಕಾಯುತ್ತಾ ನೋಟಿಸ್ ಬೋರ್ಡು ಓದಿದೆ. ಹೊಸ ಕೋರ್ಸಿನ ಪ್ರಕಟಣೆಯ ಕೊನೆಯ ಸಾಲು, 'ವಯೋಮಿತಿ ಇಲ್ಲ'. ಆ ಹಾಳೆಗೆ ಮೂರು ಮೂಲೆಯಲ್ಲಿ ಮಾತ್ರ ಪಿನ್ನಿತ್ತು. ನಾಲ್ಕನೆಯ ಮೂಲೆ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಾ ನನ್ನನ್ನೇ ಕರೆದಂತಿತ್ತು. ಅಂಕಪಟ್ಟಿಯ ಜೊತೆ ಅರ್ಜಿಯನ್ನೂ ತಂದೆ.

ನಮ್ಮವರು ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅರ್ಜಿ ನೋಡಿ, "ಬೀದಿ ಸುದ್ದಿಯೆಲ್ಲ ದಿನಾ ನಂಗೆ ಊಟದ ಜೊತೆ ಬಡಿಸ್ತೀಯಲ್ಲ, ಅದಕ್ಕೆ ಸರ್ಟಿಫಿಕೇಟು ಬೇರೆ ಬೇಕಾ?" ಎಂದರು. ಮಾರನೇ ದಿನ ಹಾಜರಾತಿ ಪುಸ್ತಕದ ಕೆಳಗೆ ಅಡಗಿಸಿಟ್ಟುಕೊಂಡು ಹೋಗಿ ಅದಕ್ಕೆ ಫೋಟೋ ಅಂಟಿಸಿ, ಎರಡು ಜೆರಾಕ್ಸ್ ಮಾಡಿಸಿ ತಂದವರೂ ಅವರೇ.

ತರಗತಿಯಲ್ಲಿ ಹದಿನೆಂಟು ಜನ. ಹದಿನೇಳು ಮಂದಿಗೆ ನಾನು ಆಂಟಿ. ಪಾಠ ಹೇಳುವ ರಂಗನಾಥ್ ಸರ್ ನನಗಿಂತ ಆರು ವರ್ಷಕ್ಕೆ ಚಿಕ್ಕವರು. ಅವರು ನನ್ನನ್ನು ಮೇಡಂ ಎನ್ನುವರು, ನಾನು ಅವರನ್ನು ಸರ್ ಎನ್ನುವೆ, ಬಾಗಿಲಲ್ಲಿ ಎದುರಾದರೆ ಇಬ್ಬರೂ ದಾರಿ ಬಿಟ್ಟುಕೊಟ್ಟು ನಿಂತುಬಿಡುತ್ತಿದ್ದೆವು. ಕ್ಯಾಮೆರಾ ನನಗೆ ಬೇಗ ಒಲಿಯಿತು. ಹೂ ಕಟ್ಟುವಾಕೆ ದಾರದ ತುದಿಯನ್ನು ಕಾಲ್ಬೆರಳಿಗೆ ಸುತ್ತಿಕೊಳ್ಳುವುದು, ಕಂಡಕ್ಟರು ಕಿವಿಯ ಸಂದಿಯಲ್ಲಿ ಪೆನ್ನು ಸಿಕ್ಕಿಸುವುದು, ಇಂಥವು ನನ್ನ ಕಣ್ಣಿಗೆ ತಾವಾಗಿ ಬೀಳುತ್ತಿದ್ದವು. ಮೈಕಿನ ಮೇಲಿನ ಸ್ಪಂಜಿನ ಟೋಪಿ ಕೊಳೆಯಾಗಿದೆಯೆಂದು ಮನೆಗೆ ತಂದು ಸೋಪು ಹಾಕಿ ಒಗೆದು ಕರವಸ್ತ್ರಗಳ ಪಕ್ಕದಲ್ಲಿ ಒಣಹಾಕಿದ್ದೂ ಉಂಟು. ಅದಕ್ಕೆ ಮಾತ್ರ ಸರ್ ಕೈ ಮುಗಿದಿದ್ದರು.

ಎಡವಟ್ಟಾಗಿದ್ದು ಮೊದಲ ಸಂದರ್ಶನದಲ್ಲಿ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ ಸೇವಂತಿಗೆ ಮಾರುವವರೊಬ್ಬರನ್ನು ಮಾತಾಡಿಸಿಕೊಂಡು ಬಂದೆ. ಬೀಗುತ್ತಾ ಬಂದೆ ಎನ್ನಬೇಕು. ಸರ್ ತರಗತಿಯ ಸ್ಪೀಕರಿಗೆ ಹಾಕಿದರು. "ಈ ಸಲ ಹೂವು—ಹೂಂ—ಮೊಗ್ಗಲ್ಲೇ—ಹೂಂ ಹೂಂ—ಉದುರೋಯ್ತು—ಅಯ್ಯೋ ಪಾಪ!—ಏನ್ಮಾಡೋದು—ಹೂಂ..."

"ಸರ್, ಹಿಂದೆ ಯಾರೋ ಪಾರಿವಾಳ ಸಾಕಿದ್ದಾರೆ ಸರ್," ಎಂದು ಹಿಂದಿನ ಬೆಂಚಿನಿಂದ ಒಂದು ದನಿ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ, ಕಿವಿ ಮಾತ್ರ ಬಿಸಿಯಾಗಿತ್ತು.

ಸರ್ ನಗಲಿಲ್ಲ. "ನೋಡಿ ಮೇಡಂ, ಕೇಳೋರಿಗೆ ವರದಿಗಾರ ಕೇಳಿಸಬಾರದು. ಅವರ ಮಾತಿನ ಮೇಲೆ ನಿಮ್ಮ ದನಿ ಬಿದ್ರೆ ಕತ್ತರಿಸೋಕೂ ಆಗಲ್ಲ, ಜೋಡಿಸೋಕೂ ಆಗಲ್ಲ. ತಲೆ ಆಡಿಸಿ. ಕಣ್ಣಲ್ಲೇ ಹೂಂ ಅನ್ನಿ."

ಎರಡನೆಯ ಸಲ ಗೌರಿಬಿದನೂರಿನ ಬಸ್ ನಿಲ್ದಾಣ. ಬಾಯಿಗೆ ಬೀಗ ಹಾಕಲೆಂದು ಎರಡು ಏಲಕ್ಕಿ ಹಾಕಿಕೊಂಡು ಹೋದೆ. ಈಗ ಧ್ವನಿಮುದ್ರಣದಲ್ಲಿ ಹೂಂ ಜೊತೆಗೆ ಏಲಕ್ಕಿ ಕಡಿಯುವ ಸದ್ದೂ ಬಂತು. ಸರ್ ಅದನ್ನೂ ತಿರಸ್ಕರಿಸಿದರು.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ನಮ್ಮವರು ಶಾಲೆಯ ಸಮಾಚಾರ ಹೇಳುವುದು, ನಾನು ತುಟಿ ಬಿಗಿದು ತಲೆಯಾಡಿಸುವುದು. ಮೂರನೇ ದಿನ ಅವರು ತಟ್ಟೆಯ ಮುಂದಿನಿಂದಲೇ ರೇಗಿದರು. "ಎಂಟನೇ ಕ್ಲಾಸಿನ ಮಕ್ಕಳೂ ಪಾಠ ಅರ್ಥ ಆಗದಿದ್ರೂ ಹೂಂ ಅಂತವೆ ಕಣೇ. ನಿನ್ನ ಮುಂದೆ ಕೂತ್ರೆ ಇಂಟರ್ವ್ಯೂಗೆ ಹೋಗಿ ಫೇಲಾದಂಗೆ ಆಗತ್ತೆ ನಂಗೆ." ಅಂದು ಮೊಸರನ್ನು ತಾವೇ ಬಡಿಸಿಕೊಂಡು ಎದ್ದುಹೋದರು.

ಹೀಗೇ ವರ್ಷದ ಕೊನೆಯ ಪ್ರಾಜೆಕ್ಟು ಬಂತು. ಇಬ್ಬಿಬ್ಬರು ಸೇರಿ ಐದು ನಿಮಿಷದ ಒಂದು ರೇಡಿಯೋ ಕಾರ್ಯಕ್ರಮ ಮಾಡಬೇಕು. ಅದಕ್ಕೆ ಸರ್ ಸಹಿ ಬಿದ್ದರೆ ಡಿಪ್ಲೊಮಾ, ಇಲ್ಲದಿದ್ದರೆ ಇಲ್ಲ. ಚೆನ್ನಾಗಿದ್ದರೆ ಕಾಲೇಜಿನ ಸಮುದಾಯ ರೇಡಿಯೋದಲ್ಲಿ ಪ್ರಸಾರ. ಸರ್ ನನ್ನನ್ನು ಕರೆದು ಮೆತ್ತಗೇ ಹೇಳಿದರು, "ಮೇಡಂ, ಎರಡು ಸಲ ಆಯ್ತು. ಈ ಸಲ ಒಂದೇ ಒಂದು ಹೂಂ ಕೇಳಿಸಿದ್ರೂ ನಾನು ಸಹಿ ಹಾಕಲ್ಲ."

ನನಗೆ ಫೇಲಾಗುವ ಹೆದರಿಕೆ ಅಷ್ಟಿರಲಿಲ್ಲ. ಫೇಲಾದರೆ ಯಾರೂ ಬೈಯುವುದಿಲ್ಲ ಎಂಬುದೇ ಹೆದರಿಕೆ. ಅಕ್ಕ, ನಾದಿನಿ, ಪಕ್ಕದ ಮನೆಯವರು ಎಲ್ಲರೂ ಎಷ್ಟು ಪ್ರೀತಿಯಿಂದ "ಹೋಗ್ಲಿ ಬಿಡು, ಟೈಂಪಾಸ್ ಆಯ್ತಲ್ಲ" ಎನ್ನುತ್ತಾರೆಂದು ನೆನೆದರೆ ಆ ಪ್ರೀತಿಯೇ ಬೇಡವೆನಿಸುತ್ತಿತ್ತು. ಒಂದು ವರ್ಷ ಐದೂವರೆಗೆ ಎದ್ದು ತಿಂಡಿ ಮಾಡಿಟ್ಟು ಬಸ್ಸು ಹಿಡಿದದ್ದು ಟೈಂಪಾಸಿಗಲ್ಲ. ಜೊತೆಗೆ ಶಾಹೀನ್ ಬೇರೆ. ಶಿಡ್ಲಘಟ್ಟದ ಹುಡುಗಿ, ಇಪ್ಪತ್ತೊಂದು ವರ್ಷ, ತರಗತಿಯಲ್ಲೇ ಚುರುಕು. ತಾನಾಗಿಯೇ ನನ್ನ ಜೋಡಿಯಾಗಲು ಬಂದವಳು. ಇಬ್ಬರಿಗೂ ಒಂದೇ ಅಂಕ. ನಾನು ಮುಳುಗಿದರೆ ಅವಳೂ ಮುಳುಗಬೇಕು.

ವಿಷಯ ತಂದವಳು ಅವಳೇ. ಅವಳ ತಂದೆ ರೇಷ್ಮೆ ನೂಲು ಬಿಚ್ಚುವವರು. ಊರಾಚೆಯ ಹಳ್ಳಿಯೊಂದರಲ್ಲಿ ಗಂಗಮ್ಮ ಎಂಬ ವಯಸ್ಸಾದ ಹೆಂಗಸು, ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಳಗಿನ ಹುಳ ಚೆನ್ನಾಗಿದೆಯೋ ಕರಗಿದೆಯೋ ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು. "ಆಂಟಿ, ಸದ್ದಿನದ್ದೇ ಕಥೆ! ರೇಡಿಯೋಗೆ ಅಂತಾನೇ ಹುಟ್ಟಿದ್ದಾರೆ ಅಜ್ಜಿ," ಎಂದು ಕುಣಿದಳು.

ಗಂಗಮ್ಮ ಹುಳದ ಮನೆಯ ಬಾಗಿಲಲ್ಲೇ ನಮ್ಮನ್ನು ತಡೆದರು. ಮೂಗು ಅರಳಿಸಿ, "ಸೆಂಟು ಹಾಕ್ಕೊಂಡಿರೋರು ಯಾರು?" ಎಂದರು. ಶಾಹೀನ್ ತರಗತಿಯಲ್ಲಿ ಎತ್ತುವಂತೆ ಕೈ ಎತ್ತಿದಳು.

"ಹೋಗಮ್ಮ, ತೊಟ್ಟಿ ಹತ್ರ ಚೆನ್ನಾಗಿ ತೊಳ್ಕೊಂಡ್ ಬಾ. ನೀನೂ ಆ ಮಲ್ಲಿಗೆ ತೆಗ್ದು ಹೊರಗಿಡು ತಾಯಿ. ವಾಸನೆ ಆಗಲ್ಲ ಹುಳಕ್ಕೆ."

"ಅಜ್ಜಿ, ಹುಳ ಎಲ್ಲ ಗೂಡು ಕಟ್ಟಿ ಆಗಿದೆಯಲ್ಲ?" ಎಂದಳು ಶಾಹೀನ್.

"ಕಟ್ಟಿದ್ರೇನು? ಹುಳ ಇರ್ಲಿ ಬಿಡ್ಲಿ, ಇದು ಹುಳದ ಮನೆ ಕಣಮ್ಮ."

ಕಿಟಕಿಗಳಿಗೆ ಗೋಣಿ ಇಳಿಬಿಟ್ಟ ಮಬ್ಬು ಕೋಣೆ. ಬಿಡಿಸಿದ ಗೂಡು ಬಿಳಿಯ ಗುಡ್ಡೆಯಾಗಿ ನೆಲದ ಮೇಲಿತ್ತು. ಗಂಗಮ್ಮ ಅದರ ಮುಂದೆ ಕಾಲು ಚಾಚಿ ಕೂತು ಒಂದೊಂದನ್ನೇ ಕಿವಿಯ ಬಳಿ ಹಿಡಿದು ಎರಡು ಸಲ ಅಲುಗಿಸುವರು. ಟಕ್ ಟಕ್ ಎಂದರೆ ಒಳ್ಳೆಯದು, ಬಲಕ್ಕೆ. ಸದ್ದಿಲ್ಲದಿದ್ದರೆ ಕರಗಿದ್ದು, ಎಡಕ್ಕೆ. ಶಾಹೀನ್ ಅವರ ಸೆರಗಿಗೆ ಪುಟ್ಟ ಮೈಕು ಸಿಕ್ಕಿಸಿದಳು, ನನಗೊಂದು ಬೇರೆ. ಮಾರುದ್ದ ದೂರದಲ್ಲಿ ಚಾಪೆಯ ಮೇಲೆ ಕೂತು ಮೊದಲ ಪ್ರಶ್ನೆ ಕೇಳಿ ತುಟಿಗಳನ್ನು ಹಲ್ಲಿನ ನಡುವೆ ಸೇರಿಸಿಕೊಂಡೆ.

ಅವರು ಎರಡು ಮಾತು ಹೇಳಿದರು. ನಾನು ತಲೆಯಾಡಿಸಿದೆ. ಮೂರನೆಯದು ಅರ್ಧಕ್ಕೆ ನಿಂತಿತು.

"ಏನಮ್ಮ, ಇದ್ದೀಯಾ, ಹೋದ್ಯಾ?"

"ಇದ್ದೀನಮ್ಮ, ಹೇಳಿ."

"ಮತ್ತೆ ಉಸುರೇ ಇಲ್ಲ?"

"ಅಜ್ಜಿ, ಆಂಟಿ ತಲೆ ಆಡಿಸ್ತಾ ಇದ್ದಾರೆ," ಎಂದಳು ಶಾಹೀನ್.

"ನಾನು ಗೂಡು ನೋಡ್ಲಾ, ಇವಳ ತಲೆ ನೋಡ್ಕೊಂಡು ಕೂತ್ಕಳ್ಲಾ? ಗೋಡೆಗೆ ಹೇಳೋದಾದ್ರೆ ನಿಮ್ಮನ್ಯಾಕೆ ಒಳಕ್ಕೆ ಕರೀಬೇಕಾಗಿತ್ತು, ಗೋಡೆ ಇಲ್ಲೇ ಐತಲ್ಲ."

ಅಲ್ಲಿಂದ ಮುಂದೆ ಏನು ಕೇಳಿದರೂ "ಆಯ್ತು", "ಹೌದು", "ಚೆನ್ನಾಗೈತೆ". ಹತ್ತು ನಿಮಿಷ ಕಳೆಯಿತು. ಟಕ್ ಟಕ್ ಬಿಟ್ಟರೆ ಯಂತ್ರದೊಳಗೆ ಏನೂ ಬೀಳಲಿಲ್ಲ. ಶಾಹೀನ್ ನನ್ನ ಮುಖ ನೋಡಿದಳು. ಮನಸ್ಸಿನ ಒಂದು ಬದಿಗೆ ಸರ್ ಕೂತಿದ್ದರು. ಇನ್ನೊಂದು ಬದಿಗೆ ಈ ಹೆಂಗಸು, ಬಾಯಿಯ ತುದಿಯಲ್ಲಿ ಏನನ್ನೋ ಇಟ್ಟುಕೊಂಡು, ಕೊಡಬಹುದೋ ಬಾರದೋ ಎಂದು ಕಾಯುತ್ತಿದ್ದಾರೆ. ಕೇಳಲು ಬಂದವಳು ನಾನು. ಕೇಳುತ್ತಿದ್ದೇನೆಂದು ಅವರಿಗೇ ಗೊತ್ತಾಗದಿದ್ದರೆ ಅದು ಯಾವ ಸೀಮೆಯ ಕೇಳುವುದು?

"ಯಾರು ಕಲಿಸಿದ್ದಮ್ಮ ನಿಮಗಿದನ್ನ?" ಎಂದೆ.

"ನಮ್ಮವ್ವ."

"ಹೂಂ?"

ಗಂಗಮ್ಮನ ಕೈ ನಿಂತಿತು. ಮುಖ ನನ್ನತ್ತ ತಿರುಗಿತು. ಆಮೇಲೆ ಶುರುವಾಯಿತು ನೋಡಿ! ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಲ ಮಾರುಕಟ್ಟೆಯಲ್ಲಿ ಇವರ ಗೂಡನ್ನೆಲ್ಲ ಕರಗಿದ್ದು ಎಂದು ಕೊಳ್ಳುವವನೊಬ್ಬ ತಳ್ಳಿಹಾಕಿದನಂತೆ. ಮಾವನವರು ತಲೆ ತಗ್ಗಿಸಿಕೊಂಡು ವಾಪಸು ಬಂದರಂತೆ. ಆಗೆಲ್ಲ ಹೆಂಗಸರು ಮಾರುಕಟ್ಟೆಯ ಕಡೆ ಹೋಗುತ್ತಿರಲಿಲ್ಲ. ಈಕೆ ಅದೇ ಮೂಟೆಯನ್ನು ಮತ್ತೆ ಗಾಡಿಗೆ ಹಾಕಿಸಿ ಅದರ ಹಿಂದೆಯೇ ತಾವೂ ಹತ್ತಿದರಂತೆ.

"ಹೋದೆ, ರಾಶಿ ಮುಂದೆ ಕುಂತೆ. ಆಯಪ್ಪನ ಕಿವಿ ಹತ್ರ ಗೂಡು ಹಿಡ್ದು ಅಲ್ಲಾಡಿಸ್ದೆ. ಕೇಳಪ್ಪ, ಕಿವಿ ಐತಲ್ಲ ನಿಂಗೆ, ಅಂದೆ."

"ಹೂಂ!"

"ಒಂದು ಗೂಡು ಟಕ್ ಅಂತು. ಎರಡ್ನೇದು ಟಕ್ ಅಂತು. ಸುತ್ತ ಜನ ಸೇರವ್ರೆ. ಮೂರ್ನೇದಕ್ಕೆ ಆಯಪ್ಪ ಟವಲ್ ಕೊಡವ್ಕೊಂಡು ಎದ್ದೇ ಹೋದ."

"ಹ್ಹೂಂ..." ನಾನು ನಕ್ಕೆ. ಅವರೂ ನಕ್ಕರು, ಕೆಮ್ಮು ಬರುವಷ್ಟು.

ಅಂದಿನಿಂದ ಊರಲ್ಲಿ ಯಾರ ಮನೆಯ ಗೂಡು ಹೊರಟರೂ ಮೊದಲು ಗಂಗಮ್ಮನ ಕಿವಿಗೆ ಬರಬೇಕಂತೆ. ಮುಕ್ಕಾಲು ಗಂಟೆ ಹೇಳಿದರು. ಮುಕ್ಕಾಲು ಗಂಟೆ ನಾನು ಹೊಟ್ಟೆ ತುಂಬ ಹೂಂಗುಟ್ಟಿದೆ.

ಬಸ್ಸಿನಲ್ಲಿ ಶಾಹೀನ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. "ಅಜ್ಜಿ ಎಷ್ಟು ಚೆನ್ನಾಗಿ ಮಾತಾಡಿದ್ದಾರೆ ಆಂಟಿ," ಎಂದಳು. ಇಯರ್‌ಫೋನ್ ಕಿತ್ತು, "ಮಾರ್ಕ್ಸ್ ಹೋಯ್ತು," ಎಂದಳು.

ಹೋಗಿರಲಿಲ್ಲ. ಮಾರನೇ ದಿನ ಲ್ಯಾಬಿನಲ್ಲಿ ನೋಡಿದರೆ ಎರಡು ಮೈಕಿನ ದನಿ ಎರಡು ಬೇರೆ ಪಟ್ಟಿಗಳಲ್ಲಿ ಕೂತಿತ್ತು. ನನ್ನ ಕಾನ್ವೆಂಟ್ ದನಿ ಎಷ್ಟು ಮೆತ್ತಗೆಂದರೆ ಗಂಗಮ್ಮನ ಪಟ್ಟಿಗೆ ಹೋಗಿ ತಾಕಿಯೇ ಇರಲಿಲ್ಲ. ಶಾಹೀನ್ ಒಂದು ಗುಂಡಿ ಒತ್ತಿದಳು, ನಾನು ಮಾಯ! ಹೂಂ ಇಲ್ಲದ ಐದು ನಿಮಿಷ ಕೈಗೆ ಬಂತು. ಸಹಿ ಸಿಕ್ಕಿದಂತೆಯೇ ಎಂದು ಇಬ್ಬರೂ ಕೈ ತಟ್ಟಿಕೊಂಡೆವು. ಆಮೇಲೆ ಪೂರ್ತಿ ಕೇಳಿದೆವು.

ಅದೇ ಮಾತು, ಅದೇ ಕಥೆ. ಆದರೆ ಗಂಗಮ್ಮ ಯಾರಿಗೋ ಕಾದು ನಿಂತಂತೆ ನಿಲ್ಲುತ್ತಿದ್ದರು, ಏನೂ ಆಗದೆ ಮುಂದೆ ಹೋಗುತ್ತಿದ್ದರು, ಕಾರಣವಿಲ್ಲದೆ ಒಬ್ಬರೇ ನಗುತ್ತಿದ್ದರು. ಎದುರಿದ್ದವರು ಬಾಗಿಲು ಹಾಕಿಕೊಂಡು ಹೋದದ್ದು ಗೊತ್ತಾಗದೆ ಮಾತಾಡುತ್ತಲೇ ಇರುವ ಹೆಂಗಸಿನಂತೆ. ಮಾರುಕಟ್ಟೆಯನ್ನೇ ಎದುರಿಸಿ ಬಂದವರು ಇಲ್ಲಿ ಪಾಪದವರಂತೆ ಕೇಳಿಸುತ್ತಿದ್ದರು.

ನಿರ್ಧಾರವನ್ನು ಅವಳಿಗೇ ಬಿಟ್ಟೆ. ಅಂಕ ಅವಳದ್ದೂ ಹೌದಲ್ಲ. ಶಾಹೀನ್ ಉಗುರು ಕಚ್ಚುತ್ತಾ ಪರದೆ ನೋಡಿದಳು.

"ವಾಪಸ್ ಹಾಕೋಣ ಆಂಟಿ."

"ಯೋಚನೆ ಮಾಡಮ್ಮ. ಸರ್ ಹೇಳಿದ್ದು ನೆನಪಿದೆಯಲ್ಲ?"

"ಮಾಡಿದೆ. ಸೇವ್ ಕೂಡ ಮಾಡಿದೆ."

ಎಲ್ಲವನ್ನೂ ಹಾಕಲಿಲ್ಲ. ಅವರ ಮಾತಿನ ಮೇಲೆ ಕಾಲಿಟ್ಟಿದ್ದ ಹೂಂಗಳನ್ನು ಒಂದೊಂದಾಗಿ ಕಿತ್ತೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು, ಕೈ ಕೊಡಲಿಲ್ಲ. ಅವರ ಮಾತಿಗೆ ಹೆಗಲು ಕೊಟ್ಟಿದ್ದ ಒಂಬತ್ತು ಉಳಿದವು.

ಪರೀಕ್ಷೆಯ ದಿನ ಸರ್ ಪಕ್ಕದಲ್ಲಿ ಬೆಂಗಳೂರಿನಿಂದ ಬಂದ ಪರೀಕ್ಷಕರೊಬ್ಬರು ಕೂತಿದ್ದರು. ನರೆಗೂದಲಿನ ಹೆಂಗಸು, ರೇಡಿಯೋದಲ್ಲೇ ತಲೆ ಬೆಳ್ಳಗಾದವರಂತೆ. ಕಾರ್ಯಕ್ರಮ ಶುರುವಾಯಿತು. ಟಕ್ ಟಕ್. ಗಂಗಮ್ಮನ ದನಿ. ಮೊದಲ ಹೂಂ. ಸರ್ ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟುಬಿಟ್ಟರು.

ಮುಗಿದ ಮೇಲೆ ಪರೀಕ್ಷಕರು ಕೇಳಿದರು, "ಈ ಹೂಂ ಯಾಕೆ ಬಿಟ್ಟಿದ್ದೀರಿ? ತೆಗೆಯೋಕೆ ಬರಲಿಲ್ವಾ?"

"ತೆಗೆದದ್ದೂ ಇದೆ ಮೇಡಂ. ಅದನ್ನೂ ಒಂದು ಸಲ ಕೇಳಿ," ಎಂದೆ. ನನ್ನ ದನಿ ಕೋಣೆಯ ಕೊನೆಯವರೆಗೂ ಹೋಗಿದ್ದು ನನಗೇ ಆಶ್ಚರ್ಯ. "ಅದರಲ್ಲಿ ಒಂದು ತಪ್ಪೂ ಇಲ್ಲ. ಆದರೆ ಅವರ ಮಾತನ್ನ ಕೇಳೋರೂ ಇಲ್ಲ."

ಶಾಹೀನ್ ಅದನ್ನು ಹಾಕಿದಳು. ಒಂದೂವರೆ ನಿಮಿಷಕ್ಕೆ ಸರ್ ಕೈ ಎತ್ತಿ ನಿಲ್ಲಿಸಿದರು. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ಹೊರಗೆ ನೋಡುತ್ತಲೇ, "ಮೊದಲನೇದು ಇನ್ನೊಂದ್ಸಲ ಹಾಕಿ," ಎಂದರು. ಹಾಕಿದೆವು. ಮೂರನೇ ಗೂಡಿಗೆ ಆಯಪ್ಪ ಟವಲ್ ಕೊಡವಿಕೊಂಡು ಎದ್ದ ಜಾಗದಲ್ಲಿ ಪರೀಕ್ಷಕರು ಗಟ್ಟಿಯಾಗಿ ನಕ್ಕರು. ಸರ್ ಭುಜವೂ ಕುಲುಕಿತು.

ಬಂದು ಕೂತು ಪೆನ್ನಿನ ಕ್ಯಾಪು ತೆಗೆದರು. "ಮೇಡಂ, ಒಂದು ಹೂಂ ಕೇಳಿಸಿದ್ರೂ ಸಹಿ ಹಾಕಲ್ಲ ಅಂದಿದ್ದೆ. ಇದರಲ್ಲಿ ಒಂಬತ್ತಿದೆ. ಒಂಬತ್ತರ ಬಗ್ಗೆ ನಾನೇನೂ ಹೇಳಿರಲಿಲ್ಲ," ಎಂದು ಸಹಿ ಹಾಕಿದರು. ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ತರಗತಿ "ಆಂಟೀ!" ಎಂದು ಕಿರುಚಿ ಸಿಳ್ಳೆ ಹಾಕಿದ್ದನ್ನು ಕೇಳಿದ್ದರೆ ನಮ್ಮ ಸಿಸ್ಟರು ಅಲ್ಲೇ ಮೂರ್ಛೆ ಹೋಗುತ್ತಿದ್ದರು. ನಾನು ಮಾತ್ರ ಹುಡುಗರತ್ತ ತಿರುಗಿ, ಕಾರ್ಯಕ್ರಮ ಮುಗಿಸಿದ ಕಲಾವಿದೆಯಂತೆ ಎರಡೂ ಕೈ ಎತ್ತಿ ಮುಗಿದೆ.

ಪ್ರಸಾರವಾದ ಸಂಜೆಯೇ ಗಂಗಮ್ಮ ಯಾರದೋ ಫೋನಿನಿಂದ ಮಾತಾಡಿದರು. "ಕೇಳ್ದೆ ಕಣಮ್ಮ. ನಾನು ಇಷ್ಟು ಚೆನ್ನಾಗಿ ಮಾತಾಡ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ. ಈಗ ನಮ್ಮ ವಾರಗಿತ್ತಿ ಮುಖ ಊದಿಸ್ಕೊಂಡು ಕುಂತವಳೆ. ಅವಳ ಹತ್ರಾನೂ ಕಥೆ ಐತಂತೆ. ಅವಳಾದ್ಮೇಲೆ ಕೊನೆ ಮನೆ ಲಕ್ಷ್ಮಮ್ಮ. ಯಾವತ್ತು ಬರ್ತೀಯಾ ಹೇಳು, ನಾನು ಒಪ್ಕೊಂಡ್ಬಿಟ್ಟಿದ್ದೀನಿ."

ಇದನ್ನು ಸರ್‌ಗೆ ನಗುತ್ತಾ ಹೇಳಿದೆ. ಅವರು ನಗಲಿಲ್ಲ. ಗೋಡೆಯ ಮೇಲಿದ್ದ ರೇಡಿಯೋ ವೇಳಾಪಟ್ಟಿಯನ್ನು ಬೆರಳಿನಿಂದ ತಡಕಿ ಒಂದು ಖಾಲಿ ಚೌಕದ ಮೇಲೆ ನಿಲ್ಲಿಸಿದರು.

"ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ಹದಿನೈದು ನಿಮಿಷ ಖಾಲಿ ಇದೆ ಮೇಡಂ. ವಾರಕ್ಕೊಬ್ರು. ನೀವು ನಡೆಸಿಕೊಡ್ತೀರಾ? ಅವಸರ ಇಲ್ಲ, ಮನೇಲಿ ಕೇಳಿ ಹೇಳಿ."

ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಚೀಟಿಗೆ ಸೇರುವುದಕ್ಕೂ, ಪ್ರವಾಸಕ್ಕೂ, ಮನೆಯ ಗೋಡೆಯ ಬಣ್ಣಕ್ಕೂ ನಾನು ಕೊಟ್ಟ ಉತ್ತರ ಒಂದೇ, ಮನೇಲಿ ಕೇಳಿ ಹೇಳ್ತೀನಿ. ಯಾರೂ ಹೇರಿದ್ದಲ್ಲ, ನಾಲಿಗೆಗೆ ರೂಢಿ. ಅಂದೂ ಅದು ನಾಲಿಗೆಯ ತುದಿಯವರೆಗೆ ಬಂತು. ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡೆ, ಆ ಚೌಕದೊಳಗೆ ದುಂಡಗೆ 'ವತ್ಸಲಾ' ಎಂದು ಬರೆದು ಕೇಳಿದೆ:

"ಈ ಬುಧವಾರದಿಂದಲೇ ಶುರು ಮಾಡ್ಲಾ ಸರ್?"